ಕಪಿಲೆ ಹೊಸ್ತಿಲಿಗೆ ಬರುವ ಮೊದಲು

ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಮನೆಯವರಲ್ಲಿ ಒಂದು ಮನವಿ



ಬೀರುವಿನಲ್ಲೋ ಮಂಚದ ಕೆಳಗಿನ ಟ್ರಂಕಿನಲ್ಲೋ ಮನೆಪತ್ರಗಳನ್ನು ಸುತ್ತಿಟ್ಟ ಪ್ಲಾಸ್ಟಿಕ್ ಕವರು ಇರುತ್ತದಲ್ಲ, ಅದನ್ನು ಇವತ್ತು ಸಂಜೆ ಒಮ್ಮೆ ಹೊರಗೆ ತೆಗೆಯಿರಿ. ಕ್ರಯಪತ್ರ, ಖಾತೆ, ಕಂದಾಯ ಕಟ್ಟಿದ ರಸೀದಿ, ಸಾಲದ ಕಾಗದ, ಇವುಗಳ ನಡುವೆ ಮನೆಯ ವಿಮಾ ಪಾಲಿಸಿ ಎಂಬುದು ಇದೆಯೇ ನೋಡಿ. ಇಲ್ಲದಿದ್ದರೆ ಈ ಮನವಿ ನಿಮಗೆ. ಇದ್ದರೆ ಇನ್ನೂ ಮುಖ್ಯವಾಗಿ ನಿಮಗೆ. ನನ್ನ ಹತ್ತಿರವೂ ಒಂದು ಪಾಲಿಸಿ 'ಇತ್ತು'. ಅದರ ಕಥೆಯಿಂದಲೇ ಶುರು ಮಾಡುತ್ತೇನೆ.

ಮನೆ ಕಟ್ಟಲು ಸಾಲ ತೆಗೆದಾಗ ಬ್ಯಾಂಕಿನಲ್ಲಿ ಸಹಿ ಹಾಕಿಸಿಕೊಂಡ ಕಾಗದಗಳಲ್ಲಿ ಎರಡು ಕಡೆ ಇನ್ಶೂರೆನ್ಸ್ ಎಂಬ ಪದವಿತ್ತು. ಹಣವನ್ನೂ ಸಾಲದಲ್ಲೇ ಹಿಡಿದುಕೊಂಡರು. ಮನೆಗೆ ವಿಮೆ ಆಯಿತು ಎಂದು ನಾನು ತಿಳಿದೆ. 2019ರ ಆಗಸ್ಟಿನಲ್ಲಿ ಹೊಳೆ ಏರಿ, ಹಜಾರದಲ್ಲಿ ಮೊಣಕಾಲುದ್ದ ನೀರು ನಿಂತು ಇಳಿದ ಮೇಲೆ ಕಡತ ಬಿಚ್ಚಿದೆ. ಮೊದಲನೆಯ ಪಾಲಿಸಿ, ಸಾಲಗಾರ ತೀರಿಕೊಂಡರೆ ಉಳಿದ ಸಾಲ ಕಟ್ಟುವಂಥದ್ದು. ನಾನು ಇನ್ನೂ ಇದ್ದೆನಾದ್ದರಿಂದ ಅದು ಕೆಲಸಕ್ಕೆ ಬರಲಿಲ್ಲ. ಎರಡನೆಯದು ಕಟ್ಟಡದ್ದೇ, ಆದರೆ ಅದರ ಅವಧಿ ಮುಗಿದು ಎರಡು ವರ್ಷವಾಗಿತ್ತು. ಸಾಲ ತೀರಿದ ಮೇಲೆ ನವೀಕರಿಸಬೇಕೆಂದು ಯಾರೂ ನೆನಪಿಸಿರಲಿಲ್ಲ, ನಾನೂ ಕೇಳಿರಲಿಲ್ಲ. ಹೊಸ ಗೋದ್ರೇಜ್ ಬೀರುವಿನ ಕೆಳಗಿನ ಎರಡು ಅಂತಸ್ತು, ಫ್ರಿಜ್ಜು, ಹಾಸಿಗೆ, ಸಾರಣೆ ಉದುರಿದ ಗೋಡೆ, ಎಲ್ಲದಕ್ಕೂ ಕೈಯಿಂದಲೇ ತೆತ್ತೆ. ಇದರಲ್ಲಿ ಮೋಸ ಹೋದದ್ದಕ್ಕಿಂತ ಓದದೆ ಹೋದದ್ದೇ ಹೆಚ್ಚು. ನಿಮ್ಮಲ್ಲಿ ಎಷ್ಟೋ ಮಂದಿಯ ಟ್ರಂಕಿನಲ್ಲೂ ಇಂಥದ್ದೇ ಕಾಗದ ಇರಬಹುದು ಎಂಬ ಅನುಮಾನ ನನ್ನದು.

ಹೊಳೆಯ ಸ್ವಭಾವ ನಿಮಗೆ ನಾನು ಹೇಳಬೇಕಾಗಿಲ್ಲ. ನಮ್ಮವರ ಬಾಯಲ್ಲಿ ಅಣೆಕಟ್ಟು ಕಬಿನಿ, ಹೊಳೆ ಮಾತ್ರ ಕಪಿಲೆ. ಬೀಚನಹಳ್ಳಿಯ ಆ ಅಣೆಕಟ್ಟು ಹಿಡಿಯುವುದು 19.52 ಟಿಎಂಸಿ, ಕಾವೇರಿಯ ಕನ್ನಂಬಾಡಿ ಕಟ್ಟೆ ಹಿಡಿಯುವ 49.45ರ ಮುಂದೆ ಅದೊಂದು ಚೊಂಬು. ವಯನಾಡಿನಲ್ಲಿ ನಾಲ್ಕು ದಿನ ಮಳೆ ಹಿಡಿದುಕೊಂಡರೆ ಚೊಂಬು ತುಂಬುತ್ತದೆ, ಗೇಟು ಎತ್ತದೆ ಬೇರೆ ದಾರಿಯಿಲ್ಲ. ನಮ್ಮಲ್ಲಿ ಬಿಸಿಲು ಕಾಯುತ್ತಿರುವಾಗಲೂ ನಂಜನಗೂಡಿನ ಹದಿನಾರು ಕಾಲು ಮಂಟಪ ಮುಳುಗುವುದು ಹೀಗೆ. 2018ರಲ್ಲಿ, 2019ರಲ್ಲಿ, ಮತ್ತೆ 2024ರಲ್ಲಿ ಮಲ್ಲನಮೂಲೆ ಮಠದ ಹತ್ತಿರ ಮೈಸೂರು ರಸ್ತೆಯ ಮೇಲೆ ನೀರು ಹರಿದದ್ದನ್ನು ಕಂಡಿದ್ದೇವೆ. ತೋಪಿನ ಬೀದಿ, ಹಳ್ಳದಕೇರಿ, ಒಕ್ಕಲಗೇರಿಯವರಿಗೆ ಸಾಮಾನು ಅಟ್ಟಕ್ಕೇರಿಸುವುದು ಆಷಾಢದ ಒಂದು ಆಚರಣೆಯಂತೆ ಆಗಿಬಿಟ್ಟಿದೆ. ತಿ. ನರಸೀಪುರದವರದು ಇನ್ನೂ ಬಿಗಿಯಾದ ಪಾಡು. ಅಲ್ಲಿ ಕಾವೇರಿಯೂ ಕಪಿಲೆಯೂ ಕೂಡುತ್ತವೆ. ಎರಡು ಅಣೆಕಟ್ಟಿನಿಂದಲೂ ಒಟ್ಟಿಗೆ ನೀರು ಬಿಟ್ಟ ವರ್ಷ ಒಂದು ಹೊಳೆ ಇನ್ನೊಂದಕ್ಕೆ ದಾರಿ ಬಿಡುವುದಿಲ್ಲ. ಕುಂಭಮೇಳದಲ್ಲಿ ಜನ ಮಿಂದು ಪುನೀತರಾಗುವ ಸಂಗಮ ಮಳೆಗಾಲದಲ್ಲಿ ಮನೆಬಾಗಿಲಿಗೇ ಬರಬಲ್ಲದು.

'ಸರ್ಕಾರ ಪರಿಹಾರ ಕೊಡುತ್ತದಲ್ಲ' ಎನ್ನುವವರಿಗೆ ಲೆಕ್ಕವನ್ನೇ ಮುಂದಿಡುತ್ತೇನೆ. 2019ರಲ್ಲಿ ರಾಜ್ಯ ಸರ್ಕಾರ ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ, ನೀರು ನುಗ್ಗಿದ ಮನೆಯವರಿಗೆ ತುರ್ತಾಗಿ 10 ಸಾವಿರ ಘೋಷಿಸಿತು. ಅದು ಆ ವರ್ಷದ ಸರ್ಕಾರದ ತೀರ್ಮಾನ, ನಮ್ಮ ಹಕ್ಕಲ್ಲ. ನಿಯಮದ ಪುಸ್ತಕದಲ್ಲಿರುವುದು ಬೇರೆ. ವಿಪತ್ತು ಪರಿಹಾರ ನಿಧಿಗೆ ಕೇಂದ್ರ 2022ರಿಂದ 2026ರ ಅವಧಿಗೆ ಗೊತ್ತುಮಾಡಿದ ದರದಂತೆ ಬಯಲುಸೀಮೆಯಲ್ಲಿ ಪೂರ್ತಿ ಬಿದ್ದ ಮನೆಗೆ 1 ಲಕ್ಷ 20 ಸಾವಿರ. ಪಕ್ಕಾ ಮನೆಗೆ ಭಾಗಶಃ ಹಾನಿಯಾಗಿದ್ದರೆ, ಅದೂ ಶೇ 15ಕ್ಕೆ ಕಡಿಮೆಯಿಲ್ಲದಂತೆ ಆಗಿದ್ದರೆ, 6,500 ರೂಪಾಯಿ. ಬಟ್ಟೆಬರೆಗೆ ಒಂದು ಕುಟುಂಬಕ್ಕೆ 2,500, ಪಾತ್ರೆಪಡಗಕ್ಕೆ 2,500. ಒಂದು ಗೋಡೆಯ ಸಾರಣೆ ಕೆತ್ತಿ ಮತ್ತೆ ಬಳಿಸಲು ಗಾರೆಯವರು ಈಗ ಎಷ್ಟು ಕೇಳುತ್ತಾರೆ ಎಂಬುದು ನಿಮಗೇ ಗೊತ್ತು. ಪರಿಹಾರ ಎಂಬುದು ಆ ಹೊತ್ತಿನ ಗಂಜಿ. ಮನೆಯನ್ನು ಮತ್ತೆ ಕಟ್ಟಿಕೊಡುವ ಹಣ ಅದರಲ್ಲಿ ಇಲ್ಲ, ಇರಬೇಕೆಂದು ಆ ನಿಯಮ ಬರೆದವರೂ ಎಣಿಸಿಲ್ಲ.

ಇನ್ನು ವಿಮೆಯ ವಿಷಯ. ಮೊದಲೇ ಹೇಳಿಬಿಡುತ್ತೇನೆ, ನಾನು ಯಾವ ಕಂಪನಿಯ ಏಜೆಂಟನೂ ಅಲ್ಲ. ಯಾವ ಕಂಪನಿಯದನ್ನು ಕೊಳ್ಳಬೇಕೆಂದು ಹೇಳುವುದೂ ಇಲ್ಲ, ಹೇಳುವ ಅಗತ್ಯವೂ ಅಷ್ಟಾಗಿ ಇಲ್ಲ. 2021ರ ಏಪ್ರಿಲ್ 1ರಿಂದ ಬೆಂಕಿ ವಿಮೆ ಮಾರುವ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ವಾಸದ ಮನೆಗೆ 'ಭಾರತ್ ಗೃಹ ರಕ್ಷಾ' ಎಂಬ ಒಂದೇ ಬಗೆಯ ಪಾಲಿಸಿಯನ್ನು ಕೊಡಲೇಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ ಕಟ್ಟಳೆ ಮಾಡಿದೆ. ಕಂಪನಿ ಯಾವುದಾದರೂ ಒಳಗಿನ ಮೂಲ ಷರತ್ತು ಒಂದೇ. ಕಂತಿನಲ್ಲಿ ಮಾತ್ರ ಹೆಚ್ಚುಕಡಿಮೆ ಇರುತ್ತದೆ. ಆದ್ದರಿಂದ ಈ ಹೆಸರನ್ನು ನೆನಪಿಟ್ಟುಕೊಳ್ಳಿ. ಕೌಂಟರಿನಲ್ಲಿ 'ಮನೆ ಇನ್ಶೂರೆನ್ಸ್' ಎಂದಷ್ಟೇ ಕೇಳಿದರೆ ಏನೇನೋ ಕೈಗೆ ಬರುತ್ತದೆ.

ಆ ಪಾಲಿಸಿ ಮನೆಯನ್ನು ಎರಡಾಗಿ ನೋಡುತ್ತದೆ: ಕಟ್ಟಡ, ಮತ್ತು ಕಟ್ಟಡದೊಳಗಿನ ಸಾಮಾನು.

ಕಟ್ಟಡ ಎಂದರೆ ನಾಲ್ಕು ಗೋಡೆ, ಮೇಲಿನ ತಾರಸಿ ಅಷ್ಟೇ ಅಲ್ಲ. ಜಗಲಿ, ಗ್ಯಾರೇಜು, ಕಾಂಪೌಂಡು, ಗೇಟು, ಸೆಪ್ಟಿಕ್ ಟ್ಯಾಂಕು, ನೀರಿನ ತೊಟ್ಟಿ, ಚಾವಣಿಯ ಸೋಲಾರು, ಹಿತ್ತಲಿನ ಗೋಬರ್ ಗ್ಯಾಸು ಕೂಡ ಅದರಲ್ಲಿ ಸೇರುತ್ತವೆ. ನಮ್ಮ ಹಳ್ಳಿಗಳ ಕಡೆ ಗೋಬರ್ ಗ್ಯಾಸಿನ ಗುಂಡಿಗೆ ನೆರೆಯ ಮಣ್ಣು ತುಂಬಿಕೊಂಡರೆ ಅದನ್ನು ನಷ್ಟ ಎಂದು ಬರೆಸಬಹುದು ಎಂಬುದೇ ಬಹಳ ಜನಕ್ಕೆ ತಿಳಿದಿಲ್ಲ. ನಿವೇಶನದ ಬೆಲೆ ಮಾತ್ರ ಇದರಲ್ಲಿ ಸೇರುವುದಿಲ್ಲ. ಭೂಮಿ ಎಲ್ಲಿಗೂ ಹೋಗುವುದಿಲ್ಲವಷ್ಟೆ.

ಸಾಮಾನು ಎಂದರೆ ಟಿವಿ, ಫ್ರಿಜ್ಜು, ಮಂಚ, ಬೀರು, ಬಟ್ಟೆ, ಪಾತ್ರೆ. ಕಟ್ಟಡಕ್ಕೆ ವಿಮೆ ಮಾಡಿಸಿದರೆ ಅದರ ಮೊತ್ತದ ಶೇ 20ರಷ್ಟು, 10 ಲಕ್ಷ ರೂಪಾಯಿ ಮೀರದಂತೆ, ಮನೆಸಾಮಾನಿಗೂ ತಾನಾಗಿಯೇ ವಿಮೆ ಸಿಗುತ್ತದೆ. ಪಟ್ಟಿ ಕೊಡುವುದೂ ಬೇಕಿಲ್ಲ. ಅಷ್ಟು ಸಾಲದು ಎನ್ನುವವರು ವಿವರ ಕೊಟ್ಟು ಹೆಚ್ಚಿಗೆ ಮಾಡಿಸಬಹುದು. ಬಾಡಿಗೆಗೆ ಇರುವವರು ಈ ಮಾತನ್ನು ಇನ್ನೊಮ್ಮೆ ಓದಿ. ಮನೆ ನಿಮ್ಮದಲ್ಲದಿದ್ದರೂ ಸಾಮಾನು ನಿಮ್ಮದೇ. ಸಾಮಾನಿಗಷ್ಟೇ ಪಾಲಿಸಿ ಮಾಡಿಸಲು ಅವಕಾಶವಿದೆ. ತಾಂಡವಪುರದ ಕಡೆ ಕಾರ್ಖಾನೆಗೆ ಹೋಗುತ್ತಾ ನಂಜನಗೂಡಿನಲ್ಲಿ ಬಾಡಿಗೆಗಿರುವ ಮಕ್ಕಳೊಂದಿಗರು ಮನೆಯೊಡೆಯರ ಪಾಲಿಸಿಯಿಂದ ತಮ್ಮ ವಾಷಿಂಗ್ ಮೆಷಿನ್ನಿಗೆ ಹಣ ಬರುತ್ತದೆಂದು ನಂಬಿ ಕೂರಬಾರದು.

ಒಡವೆಯದು ಬೇರೆ ದಾರಿ. ಚಿನ್ನ, ಬೆಳ್ಳಿ ಸಾಮಾನು, ಬೆಲೆಬಾಳುವ ಚಿತ್ರ ಇವಕ್ಕೆ ಹೆಚ್ಚಿನ ಹಣ ಕಟ್ಟಿ, ಬೆಲೆಯನ್ನು ಮೊದಲೇ ಒಪ್ಪಿಕೊಂಡು, ಬೇರೆಯಾಗಿ ಸೇರಿಸಬೇಕು. ಒಟ್ಟು 5 ಲಕ್ಷದೊಳಗೆ, ಒಂದೊಂದು ವಸ್ತು 1 ಲಕ್ಷ ಮೀರದಿದ್ದರೆ ಬೆಲೆಕಟ್ಟಿದ ಪ್ರಮಾಣಪತ್ರವನ್ನೂ ಕೇಳುವುದಿಲ್ಲ. ನಗದು ಹಣ, ಗಟ್ಟಿ ಚಿನ್ನ, ಷೇರು-ಬಾಂಡುಗಳ ಕಾಗದ, ವಾಹನ, ಇವು ಯಾವುದೂ ಮನೆ ಪಾಲಿಸಿಗೆ ಸೇರಿದ್ದಲ್ಲ. ರಾಗಿ ಡಬ್ಬಿಯೊಳಗೆ ನೋಟು ಬಚ್ಚಿಡುವ ನಮ್ಮಮ್ಮನಂಥವರು ಇದನ್ನು ಗಮನಿಸಬೇಕು.

ಯಾವ ಯಾವ ಆಪತ್ತಿಗೆ ಹಣ? ಬೆಂಕಿ, ಸ್ಫೋಟ, ಸಿಡಿಲು, ಭೂಕಂಪ, ಬಿರುಗಾಳಿ, ನೆರೆ, ನೀರು ನುಗ್ಗುವುದು, ನೆಲ ಕುಸಿತ, ಭೂಕುಸಿತ, ಕಾಡ್ಗಿಚ್ಚು, ಮರ ಬೀಳುವುದು, ಲಾರಿ ಬಂದು ಗೋಡೆಗೆ ಗುದ್ದುವುದು, ಗಲಭೆ, ಭಯೋತ್ಪಾದನೆ, ನೀರಿನ ಟ್ಯಾಂಕು ಪೈಪು ಒಡೆಯುವುದು. ನೆರೆಯನ್ನು ಬೇರೆ ಹಣ ಕೊಟ್ಟು ಸೇರಿಸಬೇಕಾಗಿಲ್ಲ, ಒಳಗೇ ಇದೆ. ಅಮೆರಿಕದಲ್ಲಿರುವ ಮಗನೋ ಅಳಿಯನೋ ಫೋನಿನಲ್ಲಿ 'ಫ್ಲಡ್‌ಗೆ ಬೇರೆ ಪಾಲಿಸಿ ತಗೋಬೇಕು ಅಪ್ಪಾ' ಎಂದರೆ ಅವರು ಹೇಳುತ್ತಿರುವುದು ಅಲ್ಲಿಯ ಮಾತು. ಅಲ್ಲಿನ ಮಾಮೂಲಿ ಮನೆ ಪಾಲಿಸಿ ನೆರೆಯನ್ನು ಹೊರಗಿಡುತ್ತದೆ. ಇಲ್ಲಿ ಹಾಗಿಲ್ಲ.

ಇನ್ನೊಂದು ಸಾಲು ಹೊಳೆದಂಡೆಯವರಿಗೆಂದೇ ಬರೆದಂತಿದೆ. ಮಾಮೂಲಿ ಕಳ್ಳತನಕ್ಕೆ ಈ ಪಾಲಿಸಿಯಲ್ಲಿ ಹಣವಿಲ್ಲ. ಆದರೆ ಮೇಲೆ ಹೇಳಿದ ಯಾವುದಾದರೂ ಆಪತ್ತಿನ ಕಾರಣದಿಂದಲೇ, ಅದು ನಡೆದ 7 ದಿನದೊಳಗೆ ಕಳವಾದರೆ ಅದಕ್ಕೆ ಹಣವುಂಟು. ಮನೆ ಬಿಟ್ಟು ಕಾಳಜಿ ಕೇಂದ್ರದಲ್ಲಿ ಮಲಗಿದ್ದಾಗ ಹಿತ್ತಲ ಬಾಗಿಲು ಮುರಿದು ಸಾಮಾನು ಸಾಗಿಸಿದರೆ ಪೊಲೀಸರಿಗೆ ದೂರು ಕೊಟ್ಟು ವಿಮೆಯನ್ನೂ ಕೇಳಬಹುದು. 'ಸಾಮಾನು ಬಿಟ್ಟು ಹೆಂಗಪ್ಪಾ ಬರೋದು' ಎಂದು ನೀರಿನ ನಡುವೆ ಮಾಳಿಗೆಯ ಮೇಲೆ ಕೂತುಬಿಡುವ ಹಿರಿಯರಿಗೆ ಇದನ್ನು ಹೇಳಿ ಕೆಳಗಿಳಿಸಿ. ಉಳಿದ ದಿನಗಳ ಕಳ್ಳತನಕ್ಕೆ ಬೇರೆ ವಿಮೆ ಇದೆ. ಗೃಹಸ್ಥರಿಗೆಂದೇ ಹೌಸ್‌ಹೋಲ್ಡರ್ಸ್ ಪಾಲಿಸಿ ಎಂಬ ಕಟ್ಟೂ ಇದೆ. ಅದರಲ್ಲಿ ಕಳವು, ಒಡವೆ, ಗೃಹೋಪಯೋಗಿ ಯಂತ್ರಗಳ ಕೆಡುಕು ಎಂದು ವಿಭಾಗ ವಿಭಾಗವಾಗಿ ಆರಿಸಿಕೊಳ್ಳಬಹುದು.

ಈಗ ನಾನು ನಿಮ್ಮನ್ನು ಸ್ವಲ್ಪ ಹೊತ್ತು ಕೂರಿಸಿಕೊಳ್ಳಬೇಕು. ಪಾಲಿಸಿಯಲ್ಲಿ ಯಾವುದಕ್ಕೆ ಹಣವಿಲ್ಲ ಎಂಬ ಭಾಗ ಸಣ್ಣ ಅಕ್ಷರದಲ್ಲಿರುತ್ತದೆ, ನಮ್ಮ ಊರುಗಳ ಜಗಳವೆಲ್ಲ ಹುಟ್ಟುವುದು ಅಲ್ಲಿಯೇ.

ನೆಲ ಕುಸಿದರೆ ಹಣವಿದೆ ಎಂದೆನಲ್ಲ, ಅದರ ಕೆಳಗೆ ಐದು ಅಪವಾದಗಳಿವೆ. ಮೊದಲನೆಯದು ಹೊಸ ಕಟ್ಟಡ ಕೂರುವಾಗ ಬರುವ ಸಹಜ ಬಿರುಕು. ಎರಡನೆಯದು ಮಣ್ಣು ತುಂಬಿ ಎತ್ತರಿಸಿದ ಜಾಗ ಕೂತುಹೋಗುವುದು. ಗದ್ದೆಗೆ ಟ್ರ್ಯಾಕ್ಟರ್‌ಗಟ್ಟಲೆ ಮಣ್ಣು ಹೊಡೆಸಿ ಲೇಔಟ್ ಮಾಡಿದ ಜಾಗಗಳಲ್ಲಿ ನಿವೇಶನ ಕೊಂಡವರು ಇದನ್ನು ಕೆಂಪು ಗೆರೆ ಎಳೆದು ಓದಬೇಕು. ಮೂರನೆಯದು ನದಿ ಕೊರೆತ. ಹೊಳೆ ಉಕ್ಕಿ ಮನೆಗೆ ನುಗ್ಗಿದರೆ ನೆರೆ, ಹಣವಿದೆ. ಅದೇ ಹೊಳೆ ವರ್ಷ ವರ್ಷ ದಂಡೆಯನ್ನು ಸ್ವಲ್ಪ ಸ್ವಲ್ಪವೇ ಕಚ್ಚಿಕೊಂಡು ಬಂದು ಹಿತ್ತಲ ಗೋಡೆಯ ಬುಡ ಸಡಿಲಗೊಳಿಸಿದರೆ ಕೊರೆತ, ಹಣವಿಲ್ಲ. ನೀರು ಒಂದೇ, ಮನೆಯೂ ಒಂದೇ, ಹೆಸರು ಬೇರೆಯಾದದ್ದರಿಂದ ಲೆಕ್ಕ ಬೇರೆಯಾಯಿತು. ಆದ್ದರಿಂದ ದಂಡೆಯವರು ಹಿತ್ತಲಿನ ಫೋಟೊವನ್ನು ಪ್ರತಿವರ್ಷ ಮಳೆಗಾಲಕ್ಕೆ ಮೊದಲು ತೆಗೆದಿಡಬೇಕು. ನೆರೆಗೆ ಮೊದಲು ಗೋಡೆ ನೆಟ್ಟಗಿತ್ತು ಎಂದು ತೋರಿಸಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ನಾಲ್ಕನೆಯದು ಕಳಪೆ ಕೆಲಸ, ಕಳಪೆ ಸಾಮಗ್ರಿ. ಐದನೆಯದು ಪಕ್ಕದವರು ಪಾಯ ತೋಡಿದ್ದರಿಂದಲೋ ನಾವೇ ಗೋಡೆ ಒಡೆದು ಮಾರ್ಪಾಡು ಮಾಡಿದ್ದರಿಂದಲೋ ಆದ ಕುಸಿತ.

ಇನ್ನು ಮಣ್ಣಿನ ಗೋಡೆ. ನಮ್ಮ ಹಳ್ಳಿಗಳಲ್ಲಿ ಹೆಂಚಿನ ಮನೆ, ಮಣ್ಣಿನ ಗೋಡೆ ಇನ್ನೂ ಬೇಕಾದಷ್ಟಿವೆ. ಅವು ನೀರು ಇದ್ದಾಗ ಬೀಳುವುದು ಕಡಿಮೆ. ನೀರು ಇಳಿದು, ಬಿಸಿಲು ಬಂದು, ಒಳಗಿನ ಒದ್ದೆ ಹೊರಗೆಳೆದ ಮೇಲೆ, ಮೂರನೆಯ ದಿನವೋ ಹತ್ತನೆಯ ದಿನವೋ ನಡುರಾತ್ರಿ ಕೂತುಬಿಡುತ್ತವೆ. ಆಗ ವಿಮಾ ಕಂಪನಿಯ ಸರ್ವೇಯರ್ ಬಂದು 'ಇದು ಹಳೇ ಗೋಡೆ, ತಾನಾಗಿ ಬಿದ್ದಿದೆ' ಎಂದು ಬರೆಯುವ ಅಪಾಯವಿದೆ. ಸವಕಳಿಗೆ, ಹಳತಾದದ್ದಕ್ಕೆ, ನಿಧಾನ ಸೋರಿಕೆಗೆ ಪಾಲಿಸಿ ಹಣ ಕೊಡುವುದಿಲ್ಲ. ಹಾಗಾಗಿ ಗೋಡೆ ಬೀಳುವವರೆಗೆ ಕಾಯಬೇಡಿ. ನೀರು ನುಗ್ಗಿದ ದಿನವೇ ಕಂಪನಿಗೆ ತಿಳಿಸಿ ಕ್ಲೇಮು ಸಂಖ್ಯೆ ಪಡೆಯಿರಿ. ನೀರು ಎಲ್ಲಿಯವರೆಗೆ ಬಂದಿತ್ತೆಂಬ ಗೆರೆ ಗೋಡೆಯ ಮೇಲೆ ಕಾಣುವಂತೆ, ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿ ಫೋಟೊ ತೆಗೆಯಿರಿ. ಗ್ರಾಮ ಆಡಳಿತ ಅಧಿಕಾರಿ ಪಂಚನಾಮೆಗೆ ಬಂದಾಗ ಆ ಗೆರೆಯ ಅಳತೆಯನ್ನೂ ಬರೆಯಿರೆಂದು ಕೇಳಿ, ನಕಲು ಇಟ್ಟುಕೊಳ್ಳಿ. ಹುಲ್ಲು, ಗರಿ, ಬಿದಿರು, ಟಾರ್ಪಾಲಿನಿನ ಗೋಡೆ-ಮಾಡು ಇರುವ ಮನೆಯನ್ನು ವಿಮೆಯವರು ಕಚ್ಚಾ ಎಂದು ಬೇರೆಯಾಗಿ ಎಣಿಸುತ್ತಾರೆ. ಅರ್ಜಿ ತುಂಬುವಾಗ ಇದ್ದದ್ದನ್ನು ಇದ್ದಂತೆ ಬರೆಸಿ. ಏಜೆಂಟರು ಅವಸರದಲ್ಲಿ 'ಪಕ್ಕಾ' ಎಂದು ಟಿಕ್ ಹಾಕಿದರೆ ನಾಳೆ ಸುಳ್ಳು ಹೇಳಿದವರು ನೀವಾಗುತ್ತೀರಿ.

ಕರೆಂಟಿನದೂ ಒಂದು ಸೂಕ್ಷ್ಮವಿದೆ. ವೋಲ್ಟೇಜ್ ಏರಿ ಟಿವಿ ಸುಟ್ಟುಹೋದರೆ ಆ ಟಿವಿಗೆ ಹಣವಿಲ್ಲ. ಅದೇ ಕಿಡಿಯಿಂದ ಪರದೆಗೆ ಬೆಂಕಿ ಹತ್ತಿ ಕೋಣೆ ಸುಟ್ಟರೆ ಕೋಣೆಗೆ ಹಣವುಂಟು. ಮುಂದಿನ ಕೋಣೆಯಲ್ಲಿ ಅಂಗಡಿ ಇಟ್ಟುಕೊಂಡವರಿಗೆ ಇನ್ನೊಂದು ಮಾತು: ಮನೆಯ ಪಾಲಿಸಿ ವಾಸಕ್ಕೆ. ಅಂಗಡಿಯ ದಾಸ್ತಾನಿಗೆ 'ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ' ಎಂಬುದೇ ಬೇರೆ ಇದೆ. ನಿಮ್ಮ ಗ್ಯಾಸ್ ಸಂಪರ್ಕದ ಜೊತೆಗೂ ಒಂದು ವಿಮೆ ಪುಕ್ಕಟೆಯಾಗಿ ಬರುತ್ತದೆ. ಸಿಲಿಂಡರಿನಿಂದ ಅವಘಡವಾದರೆ ಸತ್ತವರೊಬ್ಬರಿಗೆ 6 ಲಕ್ಷ, ನೋಂದಾಯಿತ ಮನೆಯ ಆಸ್ತಿ ಹಾನಿಗೆ 2 ಲಕ್ಷದವರೆಗೆ ತೈಲ ಕಂಪನಿಗಳ ವಿಮೆ ಕೊಡುತ್ತದೆ. ಕೂಡಲೇ ವಿತರಕರಿಗೆ ಬರೆದುಕೊಡಬೇಕಷ್ಟೆ.

ಎಷ್ಟಕ್ಕೆ ಮಾಡಿಸಬೇಕು? ಮಾರಿದರೆ ಎಷ್ಟು ಬರುತ್ತದೆ ಎಂಬ ಲೆಕ್ಕ ಬೇಡ. ಇವತ್ತು ಬಿದ್ದರೆ ಇವತ್ತಿನ ದರದಲ್ಲಿ ಮತ್ತೆ ಕಟ್ಟಲು ಎಷ್ಟು ಬೇಕು ಎಂಬುದೇ ವಿಮೆಯ ಮೊತ್ತ. ಗೋಡೆಯೊಳಗಿನ ಬಳಕೆಯ ಜಾಗವನ್ನು ಅಳೆದು, ಕಟ್ಟುವ ದರದಿಂದ ಗುಣಿಸುತ್ತಾರೆ. ಸಾವಿರ ಚದರಡಿ, ಅಡಿಗೆ 1,800 ರೂಪಾಯಿ ಎಂದು ಹಿಡಿದರೆ 18 ಲಕ್ಷ. ಆಗ ಸಾಮಾನಿಗೆ 3 ಲಕ್ಷ 60 ಸಾವಿರ ತಾನಾಗಿ ಸೇರುತ್ತದೆ. ಹಲವು ವರ್ಷಕ್ಕೆ ಒಟ್ಟಿಗೆ ಮಾಡಿಸಿದರೆ ಕಟ್ಟಡದ ಮೊತ್ತ ವರ್ಷಕ್ಕೆ ಶೇ 10ರಂತೆ ಏರುತ್ತಾ ಹೋಗುತ್ತದೆ, ಅದಕ್ಕೆ ಬೇರೆ ಕಂತಿಲ್ಲ. ಜಾಗದ ಅಳತೆಯನ್ನು ಸರಿಯಾಗಿ ಹೇಳಿದ್ದರೆ 'ಕಡಿಮೆಗೆ ವಿಮೆ ಮಾಡಿಸಿದ್ದೀರಿ' ಎಂದು ನಷ್ಟದ ಹಣದಲ್ಲಿ ಪಾಲು ಕತ್ತರಿಸುವಂತಿಲ್ಲ. ಹಳೆಯ ಪಾಲಿಸಿಗಳಲ್ಲಿ ಜನ ಸೋತದ್ದು ಈ ಕತ್ತರಿಗೇ. ಮೇಲೊಂದು ಮಹಡಿ ಎತ್ತಿದರೆ, ಅಂದರೆ ಜಾಗ ಶೇ 10ಕ್ಕಿಂತ ಹೆಚ್ಚಾದರೆ, ತಿಳಿಸಿ ಸೇರಿಸಿಕೊಳ್ಳಿ. ಮನೆಗೆ ಬೀಗ ಹಾಕಿ ತಿಂಗಳುಗಟ್ಟಲೆ ಮಗಳ ಮನೆಗೆ ಹೋಗುವವರೂ ಮೊದಲೇ ಒಂದು ಪತ್ರ ಬರೆದುಹೋಗುವುದು ಲೇಸು. ಮನೆ ವಾಸಕ್ಕೆ ಆಗದಷ್ಟು ಕೆಟ್ಟರೆ ಬೇರೆ ಕಡೆ ಬಾಡಿಗೆಗಿರುವ ಖರ್ಚು, ಅವಶೇಷ ಸಾಗಿಸುವ ಖರ್ಚು ಕೂಡ ಮಿತಿಯೊಳಗೆ ಸಿಗುತ್ತದೆ. ಕೇಳದಿದ್ದರೆ ಯಾರೂ ಕೊಡುವುದಿಲ್ಲ.

ಇಂಥ ಮನೆಗೆ ವರ್ಷದ ಕಂತು ಕೆಲವು ನೂರರಿಂದ ಒಂದೆರಡು ಸಾವಿರದೊಳಗೆ ಇರುತ್ತದೆ. ಎಷ್ಟೋ ಬೈಕುಗಳ ಇನ್ಶೂರೆನ್ಸಿಗೆ ಅಷ್ಟು ಕಟ್ಟುತ್ತೇವೆ. ಪೊಲೀಸರು ಹಿಡಿಯುತ್ತಾರೆಂಬ ಭಯಕ್ಕೆ. ಮನೆಗೆ ಅಡ್ಡಹಾಕಿ ಕೇಳುವವರಿಲ್ಲ, ಹಾಗಾಗಿ ಕಟ್ಟುವುದಿಲ್ಲ. ಸರ್ಕಾರವೂ ಇಲ್ಲಿ ಸರಿಯಿಲ್ಲ ಎನ್ನುವುದು ನನ್ನ ತಕರಾರು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ವಿಮೆ, ಆರೋಗ್ಯ ವಿಮೆಗಳ ಮೇಲಿನ ಜಿಎಸ್‌ಟಿ ತೆಗೆದರು. ಮನೆ ವಿಮೆಯ ಮೇಲೆ ಶೇ 18 ಹಾಗೆಯೇ ಉಳಿಯಿತು. ಹೊಳೆಗೆ ಮುಳುಗುವ ಮನೆಯೇನು ಐಷಾರಾಮದ ವಸ್ತುವೇ?

ಬ್ಯಾಂಕಿನ ವಿಷಯದಲ್ಲಿ ಮೂರು ಪ್ರಶ್ನೆ ಕೇಳಿಕೊಂಡು ಬನ್ನಿ. ನನ್ನ ಖಾತೆಯಿಂದ ಕಡಿತವಾಗುವ ವಿಮೆ ಯಾವುದು? ವರ್ಷಕ್ಕೆ 436 ರೂಪಾಯಿ ಹೋಗುತ್ತಿದ್ದರೆ ಅದು ಜೀವನ ಜ್ಯೋತಿ, 20 ರೂಪಾಯಿ ಹೋಗುತ್ತಿದ್ದರೆ ಅಪಘಾತದ ಸುರಕ್ಷಾ ಬಿಮಾ. ಎರಡೂ ಮನುಷ್ಯರಿಗೆ, ಮನೆಗಲ್ಲ. ಮನೆ ಸಾಲಕ್ಕೆ ಮಾಡಿಸಿದ್ದು ಸಾಲದ ವಿಮೆಯೋ ಕಟ್ಟಡದ ವಿಮೆಯೋ? ಕಟ್ಟಡದ್ದಾದರೆ ಎಷ್ಟು ಮೊತ್ತಕ್ಕೆ, ಯಾವ ತಾರೀಖಿನವರೆಗೆ, ಸಾಮಾನು ಸೇರಿದೆಯೇ? ಸಾಲ ಬಾಕಿ ಇರುವಷ್ಟು ದಿನ ವಿಮೆಯ ಹಣ ಮೊದಲು ಬ್ಯಾಂಕಿಗೇ ಹೋಗುತ್ತದೆ ಎಂಬುದೂ ನೆನಪಿರಲಿ.

ಮನೆಯ ಖಾತೆ ಯಾರ ಹೆಸರಿನಲ್ಲಿದೆ ಎಂಬುದನ್ನೂ ನೋಡಿ. ತಾತ ತೀರಿಕೊಂಡು ಮೂವತ್ತು ವರ್ಷ, ಖಾತೆ ಇನ್ನೂ ತಾತನದೇ, ಮನೆಯಲ್ಲಿರುವುದು ಕಿರಿಯ ಮೊಮ್ಮಗ, ಉಳಿದವರು ಮೈಸೂರಿನಲ್ಲಿ. ನಮ್ಮ ಕಡೆ ಇಂಥ ಮನೆಗೆ ಬರವಿಲ್ಲ. ಈ ಮನೆಗೆ ವಿಮೆ ಮಾಡಿಸಿ ನಾಳೆ ಕ್ಲೇಮು ಕೇಳಿದರೆ 'ಆಸ್ತಿಯಲ್ಲಿ ನಿಮ್ಮ ಹಕ್ಕೇನು' ಎಂಬ ಪ್ರಶ್ನೆ ಎದ್ದೇ ಏಳುತ್ತದೆ. ಪೌತಿ ಖಾತೆ ಮಾಡಿಸುವ ಕೆಲಸ ಇವತ್ತೇ ಶುರುಮಾಡಿ. ಅಣ್ಣತಮ್ಮಂದಿರು ಮಾತಾಡುವ ಸ್ಥಿತಿಯಲ್ಲಿರುವಾಗಲೇ ಮುಗಿಸಿ.

ಕ್ಲೇಮು ತಿರಸ್ಕರಿಸಿದರೆ ಸುಮ್ಮನಾಗಬೇಡಿ. ಕಾರಣವನ್ನು ಬರಹದಲ್ಲಿ ಕೇಳಿ. ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ತಿಂಗಳೊಳಗೆ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನಲ್ಲಿರುವ ವಿಮಾ ಲೋಕಪಾಲರಿಗೆ ವರ್ಷದೊಳಗೆ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. 50 ಲಕ್ಷ ರೂಪಾಯಿವರೆಗಿನ ತಕರಾರು ಅಲ್ಲಿ ನಡೆಯುತ್ತದೆ. ವಿಮಾ ನಿಯಂತ್ರಣ ಪ್ರಾಧಿಕಾರದ 155255 ಸಂಖ್ಯೆಗೆ ಕರೆ ಮಾಡಿಯೂ ದೂರು ದಾಖಲಿಸಬಹುದು.

ಈ ಮನವಿ ಬರೀ ಮನೆಯವರಿಗೆ ಅಲ್ಲ, ಆಳುವವರಿಗೂ. ಮೈಸೂರು ಸಂಸ್ಥಾನ ತನ್ನ ನೌಕರರಿಗೆ ಸರ್ಕಾರದಿಂದಲೇ ವಿಮೆ ಆರಂಭಿಸಿದ್ದು 1891ರಲ್ಲಿ. ಇವತ್ತಿನ ಕರ್ನಾಟಕ ಸರ್ಕಾರಿ ವಿಮಾ ಇಲಾಖೆ, ಅಂದರೆ ಕೆಜಿಐಡಿ, ಅದರದೇ ಮುಂದುವರಿಕೆ. ಅಂಥ ಸೀಮೆಯಲ್ಲಿ ಹೊಳೆದಂಡೆಯ ಬಡವರ ಮನೆಗೆ ವಿಮೆ ಎಂಬ ಮಾತೇ ಯಾವ ಸಭೆಯಲ್ಲೂ ಕೇಳಿಬರುವುದಿಲ್ಲ. ನಾಗಾಲ್ಯಾಂಡ್ 2024ರಲ್ಲಿ ಮಳೆಯ ಅಳತೆ ಮಿತಿ ಮೀರಿದರೆ ರಾಜ್ಯಕ್ಕೇ ಹಣ ಬರುವಂಥ ವಿಪತ್ತು ವಿಮೆ ಮಾಡಿಸಿತು. ನಮ್ಮಲ್ಲಿ ಕಬಿನಿಯ ಹೊರಹರಿವನ್ನು ದಿನವೂ ಅಳೆಯುತ್ತಾರೆ, ಎಷ್ಟು ಕ್ಯುಸೆಕ್ ಬಿಟ್ಟರೆ ಯಾವ ಬೀದಿಗೆ ನೀರು ಬರುತ್ತದೆಂದು ತಾಲ್ಲೂಕು ಆಡಳಿತಕ್ಕೆ ಗೊತ್ತು. ಆ ಅಳತೆಯ ಮೇಲೆ ದಂಡೆಯ ಮನೆಗಳಿಗೆಲ್ಲ ಒಂದು ಗುಂಪು ವಿಮೆ ಮಾಡಿಸಿ ಎಂದು ನಗರಸಭೆ, ಪುರಸಭೆ, ಗ್ರಾಮಸಭೆಗಳಲ್ಲಿ ಎದ್ದು ನಿಂತು ಕೇಳೋಣ. ಶಾಸಕರು ಬಾಗಿನ, ಉದ್ಘಾಟನೆ ಎಂದು ಊರಿಗೆ ಬಂದ ದಿನ ಅರ್ಜಿಯನ್ನು ಕೈಗೆ ಕೊಡೋಣ. ಹಾಲಿನ ಡೇರಿಯ ವಾರ್ಷಿಕ ಸಭೆ, ಸ್ತ್ರೀಶಕ್ತಿ ಸಂಘದ ವಾರದ ಸಭೆ, ಕೃಷಿ ಪತ್ತಿನ ಸಂಘದ ಸಭೆಗಳಲ್ಲಿ ಅರ್ಧ ಗಂಟೆ ಇದಕ್ಕೆಂದು ಬಿಡಲಿ. ಓದು ಬಲ್ಲ ಹುಡುಗ ಹುಡುಗಿಯರು ಬೀದಿಗೆ ಇಬ್ಬರಂತೆ ಹೊರಟು ಪಾಲಿಸಿ ಇದ್ದವರದನ್ನು ಓದಿ ಹೇಳಲಿ. ಷರತ್ತನ್ನು ಕನ್ನಡದಲ್ಲಿ ಕೊಡಿ ಎಂದು ಕಂಪನಿಗಳನ್ನು ಕೇಳುವವರು ಹತ್ತು ಮಂದಿಯಾದರೆ ಕೊಡುವುದಿಲ್ಲ. ಸಾವಿರ ಮಂದಿಯಾದರೆ ನಾಳೆಯೇ ಅಚ್ಚು ಹಾಕುತ್ತಾರೆ.

ಇದೆಲ್ಲ ಮೇ ತಿಂಗಳೊಳಗೆ ಆಗಬೇಕು. ಬೀಚನಹಳ್ಳಿಯಲ್ಲಿ ಗೇಟು ಎತ್ತಿ, ಡಂಗುರ ಸಾರಿದ ಮೇಲೆ ಪಾಲಿಸಿ ಕೊಡುವವರು ಯಾರೂ ಇರುವುದಿಲ್ಲ.

ನಾನು ಹೋದ ಭಾನುವಾರ ಮನೆಸಾಮಾನಿನ ಪಟ್ಟಿ ಮಾಡಲು ಕೂತೆ. ಕೊಂಡ ವರ್ಷ, ಬೆಲೆ, ರಸೀದಿ ಇದ್ದರೆ ಅದರ ಫೋಟೊ, ಇಲ್ಲದಿದ್ದರೆ ವಸ್ತುವಿನದೇ ಫೋಟೊ. ಎಲ್ಲವನ್ನೂ ಮಗಳ ಫೋನಿಗೂ ಕಳಿಸಿದೆ, ನಮ್ಮ ಫೋನು ನೀರಿಗೆ ಬಿದ್ದರೂ ಉಳಿಯಲಿ ಎಂದು. ಹಜಾರ ಮುಗಿಸಿ ಅಡುಗೆಮನೆಗೆ ಬಂದಾಗ ಮಿಕ್ಸಿ, ಗ್ರೈಂಡರು, ಫ್ರಿಜ್ಜಿನ ಕೆಳಗೆ ಒರಳುಕಲ್ಲನ್ನೂ ಬರೆದೆ. ನಮ್ಮ ಮನೆಯವರು ಕನ್ನಡಕ ಹಾಕಿಕೊಂಡು ಪಟ್ಟಿ ಓದಿದರು, ಪೆನ್ನು ಕಿತ್ತುಕೊಂಡು ಒರಳಿನ ಮೇಲೆ ಗೆರೆ ಎಳೆದರು. 'ಮೂರು ಸಲ ಹೊಳೆ ಬಂತು, ಅದನ್ನ ಒಂದು ಗೇಣು ಸರಿಸೋಕೆ ಆಗಲಿಲ್ಲ. ಆ ಜಾಗದಲ್ಲಿ ನನ್ನ ಹೊಲಿಗೆ ಮೆಷಿನ್ನು ಬರೀರಿ' ಎಂದರು.